ತವರಿನ ತಂಡ

ಹುಡುಗಿಯ ಕೈಗೆ ಬ್ಯಾಟು ಯಾಕೆ ಎಂದು ಕೇಳುವವರು ನಮ್ಮ ಕಮತಗಿಯಲ್ಲಿ ಇಂದಿಗೂ ಇದ್ದಾರೆ. ಕೇಳಲಿ ಬಿಡಿ. ನನ್ನ ಕುತೂಹಲ ಬೇರೆ. ಕೈಯಲ್ಲಿ ಕಾಸಿಲ್ಲದ ಹೆಣ್ಣುಮಕ್ಕಳ ತಂಡಗಳು ಇಷ್ಟು ವರ್ಷ ಬದುಕಿದ್ದಾದರೂ ಹೇಗೆ? ಬದುಕಿದ್ದಷ್ಟೇ ಅಲ್ಲ, ಗೆಲ್ಲುವವರನ್ನು ಬೆಳೆಸಿದ್ದು ಹೇಗೆ?

ಭಾರತದ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿದ್ದು 1973ರಲ್ಲಿ. ಪುರುಷರ ಕ್ರಿಕೆಟ್ ಮಂಡಳಿ ಬೇರೆ, ಅದರ ಹಣದ ಚೀಲವೂ ಬೇರೆ. ನಮ್ಮ ಹುಡುಗಿಯರು ರಿಸರ್ವೇಶನ್ ಇಲ್ಲದ ಡಬ್ಬಿಯಲ್ಲಿ ನುಗ್ಗಿ, ಸಾಲಾಗಿ ಹಾಸಿದ ಹಾಸಿಗೆಗಳಲ್ಲಿ ಮಲಗಿ, ಬ್ಯಾಟು ಪ್ಯಾಡುಗಳನ್ನು ಹಂಚಿಕೊಂಡು ಆಡಿದರು. 1976ರಲ್ಲಿ ವೆಸ್ಟ್ ಇಂಡೀಸ್ ಎದುರು ಮೊದಲ ಟೆಸ್ಟ್ ನಡೆದದ್ದು ಬೆಂಗಳೂರಿನಲ್ಲಿ. ನಾಯಕಿ ಶಾಂತಾ ರಂಗಸ್ವಾಮಿಗೆ ಆಗ 22 ವರ್ಷ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಗೆದ್ದೇಬಿಟ್ಟರು! ಮರುವರ್ಷ ನ್ಯೂಜಿಲೆಂಡಿನಲ್ಲಿ ಶಾಂತಾ ಹೊಡೆದ 108 ರನ್ನು ಭಾರತದ ಹೆಣ್ಣುಮಗಳೊಬ್ಬಳ ಮೊದಲ ಟೆಸ್ಟ್ ಶತಕ.

ಆದರೆ ಹೆಣ್ಣುಮಗಳು ಆಟ ಮುಂದುವರಿಸಲು ಚಪ್ಪಾಳೆ ಸಾಲದು, ತಿಂಗಳ ಪಗಾರ ಬೇಕು. ಅದನ್ನು ಕೊಟ್ಟದ್ದು ರೈಲ್ವೆ. ಆಟದ ಮೇಲೆ ನೌಕರಿ ಸಿಕ್ಕಿತೆಂದರೆ ಮನೆಯವರ ಬಾಯಿಯೂ ಮುಚ್ಚುತ್ತಿತ್ತು. ಹೀಗಾಗಿ ರಾಜ್ಯ ತಂಡಗಳು ಚಿಕ್ಕ ಹುಡುಗಿಯರನ್ನು ತಿದ್ದಿ ತೀಡಿ ಬೆಳೆಸುವುದು, ಬೆಳೆದವರು ರೈಲ್ವೆಗೆ ಹೋಗುವುದು ರೂಢಿಯಾಯಿತು. ತವರಿನವರು ಸಾಕಿ ಕಳಿಸಿಕೊಟ್ಟಂತೆ. ರಾಷ್ಟ್ರೀಯ ಟ್ರೋಫಿಗಳು ಬಹುಪಾಲು ವರ್ಷ ರೈಲ್ವೆಯ ಕಪಾಟು ಸೇರಿದ್ದರಲ್ಲಿ ಆಶ್ಚರ್ಯವೇನು?

ನಮ್ಮ ಕಡೆಯ ರಾಜೇಶ್ವರಿ ಗಾಯಕವಾಡ ಇದೇ ದಾರಿಯವಳು. ವಿಜಯಪುರದವಳು, ಶಾಲಾ ಮಾಸ್ತರರ ಮಗಳು, ಎಡಗೈ ಸ್ಪಿನ್ನರ್. ಕರ್ನಾಟಕಕ್ಕೆ ಆಡಿ, 2014ರ ಜನವರಿಯಲ್ಲಿ ಭಾರತ ತಂಡ ಸೇರಿದಳು. ಅದೇ ವರ್ಷ ತಂದೆ ತೀರಿಕೊಂಡರು. ಮನೆಯ ಭಾರ ಅವಳ ಮೇಲೆ ಬಿತ್ತು. ಮುಂದೆ ರೈಲ್ವೆಗೆ ಆಡಿದಳು. ಅವಳನ್ನು ಯಾರು ದೂರಿಯಾರು? 2017ರ ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ಸೇರಲು ಗೆಲ್ಲಲೇಬೇಕಾದ ಪಂದ್ಯ. ಆ ಕೂಟದಲ್ಲಿ ಅವಳಿಗದು ಮೊದಲ ಆಟ. 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಆ ಸಂಜೆ ನಾನು ಒಲೆಯ ಮೇಲಿನ ಹಂಚು ಇಳಿಸಿ ಟಿವಿ ಮುಂದೆ ಕುಳಿತಿದ್ದೆ. ಊರಿಗೆ ಮರಳಿದವಳಿಗೆ ಮಂತ್ರಿಗಳೊಬ್ಬರು ಕಾರು ಕೊಡಹೋದರೆ, ಕಾರು ಬೇಡ, ಮನೆ ಬೇಕು ಎಂದಳಂತೆ. ಬಾಡಿಗೆ ಮನೆಯ ಕಷ್ಟ ಬಲ್ಲವರಿಗೆ ಈ ಮಾತು ಅರ್ಥವಾಗುತ್ತದೆ.

ಇಂಥವರು ಹೋದ ಮೇಲೂ ಕರ್ನಾಟಕ ತಂಡ ಬರಿದಾಗಲಿಲ್ಲ. ಒಬ್ಬಳು ಹೋಗುವಷ್ಟರಲ್ಲಿ ಇನ್ನೊಬ್ಬಳು ಸಿದ್ಧಳಾಗಿರುತ್ತಿದ್ದಳು. 2006ರಲ್ಲಿ ಮಹಿಳಾ ಸಂಘ ಪುರುಷರ ಮಂಡಳಿಯಲ್ಲಿ ಸೇರಿದ ಮೇಲೆ ಕಿರಿಯರ ಪಂದ್ಯಗಳಿಗೂ ಆಸರೆ ಸಿಕ್ಕಿತು. ಕಡೂರಿನ ವೇದಾ ಕೃಷ್ಣಮೂರ್ತಿ ರೈಲ್ವೆಗೆ ಹೋದವಳು ಮರಳಿ ಬಂದು ಕರ್ನಾಟಕದ ನಾಯಕಿಯಾದಳು. ಬಂದವಳು ಚಿಕ್ಕವರಿಗೆ ಕಲಿಸುವುದು ಎಷ್ಟೋ ಇರುತ್ತದೆ. ಅದಕ್ಕೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ, ಅಷ್ಟೇ.

2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಬಂತು, ಹರಾಜೂ ಬಂತು. ಬೆಂಗಳೂರು ತಂಡ ಸ್ಮೃತಿ ಮಂಧಾನಗೆ 3 ಕೋಟಿ 40 ಲಕ್ಷ ಕೊಟ್ಟಿತು. ಕರ್ನಾಟಕದ ಹುಡುಗಿ ಶ್ರೇಯಾಂಕಾ ಪಾಟೀಲ ಬಂದದ್ದು 10 ಲಕ್ಷಕ್ಕೆ. 2024ರ ಫೈನಲ್ಲಿನಲ್ಲಿ ಅವಳು 12 ರನ್ನಿಗೆ 4 ವಿಕೆಟ್ ಕಿತ್ತಳು. ಕಪ್ಪು ಬೆಂಗಳೂರಿಗೆ ಬಂತು.