ಶಿಖರಿಣಿಯಿಂದ ಐಸ್‌ಕಡ್ಡಿಯವರೆಗೆ

ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡ ಮನೆಗಳಲ್ಲಿ ಇತ್ತೀಚಿನ ಬೇಸಿಗೆಗಳು ಒಂದು ಹೊಸ ಪದಾರ್ಥವನ್ನು ತಂದಿವೆ. ಬಸವ ಜಯಂತಿಗೋ, ರಜೆಗೆ ಬಂದ ಮೊಮ್ಮಕ್ಕಳ ಹುಟ್ಟುಹಬ್ಬಕ್ಕೋ ಮನೆಯ ಹೆಣ್ಣುಮಕ್ಕಳು ಮೊಸರಿಗೆ ಮಾವಿನ ರಸವನ್ನೋ ದಾಳಿಂಬೆಯ ಕಾಳನ್ನೋ ಕೂಡಿಸಿ, ಅಚ್ಚಿಗೆ ಹೊಯ್ದು, ನಡುವೆ ಕಡ್ಡಿ ನಿಲ್ಲಿಸಿ ಫ್ರಿಜ್ಜಿನಲ್ಲಿ ಇಡುತ್ತಾರೆ. ಮನೆಯ ಹಿರಿಯರು ಇದನ್ನು ಮೊಬೈಲ್ ಕಲಿಸಿದ ಪರದೇಶಿ ತಿನಿಸೆಂದು ಬಗೆದು ಮುಖ ತಿರುಗಿಸುವುದುಂಟು. ನಮ್ಮ ಅಭಿಪ್ರಾಯ ಬೇರೆ. ಈ ತಿನಿಸಿನಲ್ಲಿ ಪರದೇಶದ್ದು ಕಡ್ಡಿ ಮಾತ್ರ. ಹಿಮಗಟ್ಟಿಸುವ ವಿದ್ಯೆ ಹಲವು ಕೈಗಳನ್ನು ದಾಟಿ ಬಂದದ್ದು. ಉಳಿದದ್ದು ಈ ನೆಲದ್ದೇ, ಅದೂ ಸಾವಿರ ವರ್ಷ ಹಳೆಯದು.

ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ವನ್ನು ರಚಿಸಿದನು. ಮಳೆ, ಬಾವಿ, ಗಿಡಮರ, ಪಶುವೈದ್ಯಗಳ ಜೊತೆಗೆ ಅಡುಗೆಯನ್ನೂ ಕನ್ನಡದಲ್ಲಿ ವಿವರಿಸಿದ ಗ್ರಂಥವಿದು. ಅದರ ಸೂಪಶಾಸ್ತ್ರದ ಭಾಗದಲ್ಲಿ ಶಿಖರಿಣಿಯ ಪಾಕವಿದೆ. ಒಂದು ಶತಮಾನ ಕಳೆದ ಮೇಲೆ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿಯೂ ಶಿಖರಿಣಿ ರಾಜಭೋಜನದ ಪದಾರ್ಥವಾಗಿ ಬರುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಇಳಿಸಿ, ಸಕ್ಕರೆಯನ್ನೂ ಸುಗಂಧದ್ರವ್ಯವನ್ನೂ ಕೂಡಿಸುವುದೇ ಇದರ ಮೂಲಸೂತ್ರ. ಆ ಅರಸರ ಕಲ್ಯಾಣವು ಇಂದಿನ ಬಸವಕಲ್ಯಾಣ. ಅಕ್ಕಲಕೋಟೆಗೆ ಅದು ದೂರದ ಊರಲ್ಲ. ಅಂದಿಗೆ ನಮ್ಮ ಸೀಮೆಯೂ ಅದೇ ರಾಜ್ಯದೊಳಗಿತ್ತು.

ಮುಂದೆ ಈ ಶಿಖರಿಣಿಗೆ ಒದಗಿದ ಗತಿ ವಿಚಿತ್ರವಾದುದು. ಪದಾರ್ಥ ಒಂದು ದಾರಿ ಹಿಡಿಯಿತು, ಹೆಸರು ಇನ್ನೊಂದು ದಾರಿ ಹಿಡಿಯಿತು. ಕಟ್ಟಿದ ಮೊಸರಿನ ಸಿಹಿಯು ಶ್ರೀಖಂಡವೆಂಬ ಹೊಸ ಹೆಸರನ್ನು ಪಡೆದು ಪಾಡ್ಯದ ಎಡೆಯಲ್ಲಿ ಪೂರಿಯ ಪಕ್ಕಕ್ಕೆ ಕುಳಿತಿತು. ಹೆಸರಾದರೋ ಮೊಸರನ್ನು ಬಿಟ್ಟು ಹಣ್ಣಿನ ಹಿಂದೆ ಹೋಯಿತು: ಕನ್ನಡದ ಮನೆಯಲ್ಲಿ ಮಾವಿನ ರಸಕ್ಕೆ ಹಾಲು-ಸಕ್ಕರೆ ಬೆರೆಸಿದರೆ ಸೀಕರಣೆ, ಮರಾಠಿಯ ಮನೆಯಲ್ಲಿ ಬಾಳೆಹಣ್ಣಿಗೆ ಹಾಲು ಬೆರೆಸಿದರೆ ಶಿಕರಣ. ಹೀಗೆ ಅಗಲಿದ ಮೊಸರೂ ಹಣ್ಣೂ ನಮ್ಮ ಮಕ್ಕಳ ಐಸ್‌ಕಡ್ಡಿಯಲ್ಲಿ ಮತ್ತೆ ಕೂಡಿವೆ ಎಂದರೆ ಅತಿಶಯೋಕ್ತಿಯಾಗದು.

ಈ ಹಂಚಿಕೆ ನಮ್ಮ ಸೀಮೆಯ ಸ್ವಭಾವವೇ ಆಗಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮಾ-ಸೀನಾ ಸಂಗಮದ ಹತ್ತರಸಂಗ-ಕೂಡಲದಲ್ಲಿ ದೊರೆತ 1018ರ ಶಾಸನವು ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು. ಅದಕ್ಕೂ ಲೋಕೋಪಕಾರಕ್ಕೂ ನಡುವಿನ ಅಂತರ ಏಳೆಂಟು ವರ್ಷ ಮಾತ್ರ. ಎರಡು ನುಡಿಗಳು ಒಂದೇ ನೀರು ಕುಡಿದು ಬೆಳೆದ ನೆಲದಲ್ಲಿ ಯಾರು ಯಾರಿಂದ ಏನನ್ನು ಪಡೆದರೆಂದು ಲೆಕ್ಕ ಹಾಕುವುದು ನಮಗೆ ರುಚಿಸದ ಕೆಲಸ. ನಮ್ಮನ್ನು ಕಾಡುವ ಚಿಂತೆ ಬೇರೆಯದು. ಸೀಕರಣೆ ಎಂಬ ಮಾತು ಮೊಮ್ಮಕ್ಕಳ ಬಾಯಲ್ಲಿ ಇನ್ನೂ ಇದೆ. ಆದರೆ ಅದರ ಪೂರ್ವಜನಾದ ಪಾಕವನ್ನು ಬರೆದಿಟ್ಟ ಲಿಪಿಯನ್ನು ಅವರಲ್ಲಿ ಬಹುಮಂದಿ ಓದಲಾರರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್ ಆದ ಮಕ್ಕಳಿಗೆ ಅಡುಗೆಮನೆಯೇ ಕನ್ನಡದ ಕೊನೆಯ ತರಗತಿಯಾಗುತ್ತಿದೆ. ಆಯಿ ‘ಮೊಸರು ಕಟ್ಟು’ ಎಂದಾಗ ‘ಚಕ್ಕಾ ಮಾಡಬೇಕೇ?’ ಎಂದು ಕೇಳುವ ಮೊಮ್ಮಗಳು ಕೆಲಸವನ್ನು ಸರಿಯಾಗಿಯೇ ಮಾಡುತ್ತಾಳೆ. ಮಾತು ಮಾತ್ರ ಆಯಿಯೊಂದಿಗೇ ಉಳಿಯುತ್ತದೆ.

ಬಿಸಿಲಿಗೆ ಮೊಸರು-ಮಜ್ಜಿಗೆಯೇ ಮದ್ದೆಂಬ ತಿಳಿವಳಿಕೆ ನಮ್ಮ ಊರಿನ ಮೂಲಕಥೆಯಲ್ಲಿಯೇ ಇದೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ವನ್ನು ಓದದವರೂ ಈ ಪ್ರಸಂಗವನ್ನು ಬಲ್ಲರು. ಸೊನ್ನಲಿಗೆಯ ಬಾಲಕ ಸಿದ್ಧರಾಮನ ಬಳಿಗೆ ಮಲ್ಲಯ್ಯನು ಜಂಗಮನಾಗಿ ಬಂದು ಸುಟ್ಟ ಎಳೆತೆನೆಯನ್ನು ತಿಂದು ಒಡಲುರಿಯೆನ್ನುತ್ತಾನೆ. ತಣಿಸಲು ಮಜ್ಜಿಗೆ ಬೇಡುತ್ತಾನೆ. ಕೆಲವರು ಕಥೆ ಹೇಳುವಾಗ ಅದನ್ನು ಮೊಸರನ್ನವೆನ್ನುವರು. ಬಾಲಕನು ಮನೆಗೆ ಓಡಿ ತರುವಷ್ಟರಲ್ಲಿ ಜಂಗಮನಿಲ್ಲ. ಅವನನ್ನು ಹುಡುಕುತ್ತ ಬಾಲಕನು ಶ್ರೀಶೈಲಕ್ಕೆ ಹೋದನು. ಆ ಸಿದ್ಧರಾಮನೇ ಮುಂದೆ ಊರಿಗೆ ಕೆರೆ ಕಟ್ಟಿಸಿದನು. ದಾರಿಹೋಕರಿಗೆ ನೀರು-ಮಜ್ಜಿಗೆ ಕೊಡುವ ಅರವಟಿಗೆ, ಶಾಸನಗಳು ಅರವಂಟಿಗೆ ಎನ್ನುವ ಧರ್ಮ, ಇಂದಿಗೂ ಚೈತ್ರ-ವೈಶಾಖದಲ್ಲಿ ನಮ್ಮ ಬೀದಿಗಳಲ್ಲಿ ನಡೆಯುತ್ತದೆ. ಹಲಗೆಯ ಮೇಲೆ ‘ಪಾಣಪೋಯಿ’ ಎಂದು ಬರೆದಿರುತ್ತದೆ, ಅಷ್ಟೇ.

ತಂಪನ್ನು ಹಂಚುವುದು ಹೀಗೆ ಎಲ್ಲರ ಧರ್ಮವಾಗಿದ್ದರೂ ಹಿಮವು ಮಾತ್ರ ಬಹುಕಾಲ ಅರಸರ ಸೊತ್ತಾಗಿತ್ತು. ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಪಾತ್ರೆಯನ್ನು ಆಡಿಸಿ ಕುಡಿಯುವ ನೀರನ್ನು ತಂಪಾಗಿಸುವ ವಿಧಾನವನ್ನೂ, ಉತ್ತರದ ಬೆಟ್ಟಗಳಿಂದ ಲಾಹೋರಿಗೆ ಬರುತ್ತಿದ್ದ ಹಿಮವನ್ನೂ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ವರ್ಣಿಸುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೆರೆಯ ಮಂಜುಗಡ್ಡೆ ಹಡಗೇರಿ ಕಲಕತ್ತೆಗೆ ಬಂತು. ಮರುವರ್ಷ ಮುಂಬಯಿಗೂ ಬಂತು. ಸರ್ ಜಮಶೇಟಜಿ ಜೀಜೀಭಾಯ್ ಅವರು ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದ ಮೇಲೆ ಅತಿಥಿಗಳಿಗೂ ಆತಿಥೇಯರಿಗೂ ನೆಗಡಿಯಾಯಿತೆಂದು ಪತ್ರಿಕೆ ಬರೆಯಿತೆಂಬ ಸ್ವಾರಸ್ಯದ ಕಥೆಯೊಂದುಂಟು. ನಮ್ಮ ಹಿರಿಯರು ಇಂದಿಗೂ ಅದೇ ಭಯವನ್ನು ಹೇಳುತ್ತಾರೆ!

1860ರಲ್ಲಿ ಮುಂಬಯಿಯ ರೈಲು ಸೊಲ್ಲಾಪುರವನ್ನು ಮುಟ್ಟಿತು. 1877ರಲ್ಲಿ ‘ಹಳೇ ಗಿರಣಿ’ ಹುಟ್ಟಿತು. ಹಳ್ಳಿಗಳ ಕನ್ನಡಿಗರು ದುಡಿಯಲು ನಗರಕ್ಕೆ ಬಂದರು. ಗೋಣಿತಟ್ಟು ಹೊದಿಸಿದ ಬರ್ಫಿನ ಗಡ್ಡೆ, ತಲೆಯ ಮೇಲೆ ಕುಲ್ಫಿಯ ಮಡಕೆ, ‘ಗಾರೇಗಾರ’ ಎಂಬ ಮಾರಾಟಗಾರನ ಕೂಗು, ಇವು ಬಡವರ ಬೇಸಿಗೆಗೂ ಹಿಮವನ್ನು ತಂದವು. ಕುಲ್ಫಿಯ ಮಡಕೆಯ ಗುಟ್ಟು ಉಪ್ಪಿನಲ್ಲಿದೆ: ಉಪ್ಪು ಬಿದ್ದ ಬರ್ಫು ಬೇಗನೆ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಸೆಳೆಯುತ್ತದೆ, ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಭಾರತದಲ್ಲಿ ತಯಾರಾದ ಮೊದಲ ಫ್ರಿಜ್ಜನ್ನು ಗೋದ್ರೇಜ್ ಕಂಪನಿ 1958ರಲ್ಲಿ ಹೊರತಂದಿತಾದರೂ ನಮ್ಮ ಸಾಮಾನ್ಯ ಮನೆಗಳಿಗೆ ಅದು ಬರಲು ಇನ್ನೂ ದಶಕಗಳು ಹಿಡಿದವು. ಕಡ್ಡಿಯ ಕಥೆ ಚಿಕ್ಕದು. ಅಮೆರಿಕದ ಬಾಲಕ ಫ್ರ್ಯಾಂಕ್ ಎಪರ್ಸನ್ 1905ರ ಒಂದು ಚಳಿರಾತ್ರಿ ಸಿಹಿನೀರಿನ ಲೋಟವನ್ನು ಕಲಕುವ ಕಡ್ಡಿಯೊಡನೆ ಹೊರಗೆ ಮರೆತನೆಂದೂ, ಬೆಳಗಿಗೆ ಅದು ಗಡ್ಡೆಗಟ್ಟಿತ್ತೆಂದೂ ಹೇಳುವರು. 1924ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು.

ಇನ್ನು ಮಾಡುವ ಕ್ರಮ. ನಮ್ಮ ಜಿಲ್ಲೆಯ ಉದ್ದಕೊಂಬಿನ ಪಂಢರಪುರಿ ಎಮ್ಮೆಯ ಹಾಲಿನ ಮೊಸರು ಗಟ್ಟಿಯಾದುದರಿಂದ ಇದಕ್ಕೆ ಬಲು ಹಿತ. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಮೊಸರು ಬೇಗನೆ ಹುಳಿಯುವುದರಿಂದ ಹೆಪ್ಪಾದ ಕೂಡಲೇ ತೆಳುಬಟ್ಟೆಯಲ್ಲಿ ಕಟ್ಟಬೇಕು. ಶ್ರೀಖಂಡಕ್ಕೆ ಕಟ್ಟುವಷ್ಟು ಹೊತ್ತು ಬೇಡ, ಒಂದೆರಡು ತಾಸು ಸಾಕು. ಅಚ್ಚಿಗೆ ಹೊಯ್ಯುವಷ್ಟು ತೆಳುವಾಗಿರಬೇಕು. ಕಟ್ಟದೆಯೇ ಮಾಡಿದರೆ ಮೊಸರಿನ ನೀರು ಹರಳಾಗಿ ಹಲ್ಲಿಗೆ ಕರಕರ ಎನ್ನುತ್ತದೆ. ಮೂರು ಬಟ್ಟಲು ಕಟ್ಟಿದ ಮೊಸರಿಗೆ ಒಂದು ಬಟ್ಟಲು ಮಾವಿನ ರಸ, ಅರ್ಧದಿಂದ ಮುಕ್ಕಾಲು ಬಟ್ಟಲು ಸಕ್ಕರೆ, ಚಿಟಿಕೆ ಏಲಕ್ಕಿ. ನಾಲಿಗೆಗೆ ಕೊಂಚ ಹೆಚ್ಚೇ ಸಿಹಿಯೆನಿಸಬೇಕು. ತಂಪಿನಲ್ಲಿ ಸಿಹಿ ಮಂದವಾಗುತ್ತದೆ. ಸಕ್ಕರೆಯು ಗಡ್ಡೆ ಕಲ್ಲಾಗದಂತೆಯೂ ತಡೆಯುವುದರಿಂದ ಅದನ್ನು ತೀರ ಕಡಿಮೆ ಮಾಡುವ ಈಗಿನ ಹುಮ್ಮಸ್ಸು ನಮಗೆ ಒಪ್ಪಿಗೆಯಿಲ್ಲ. ಹಸಿ ಅನಾನಸನ್ನು ಕೂಡಿಸಿದರೆ ಮೊಸರು ಕಹಿಯಾಗುತ್ತದೆ, ಬೇಯಿಸಿ ಹಾಕಬೇಕು. ಕಲ್ಲಂಗಡಿಯಲ್ಲಿ ನೀರೇ ಹೆಚ್ಚು. ಅದನ್ನು ಹಾಗೆಯೇ ತಿನ್ನುವುದು ಲೇಸು.

ದಾಳಿಂಬೆ ನಮ್ಮ ಹೆಮ್ಮೆಯ ಹಣ್ಣು. ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರ ಇರುವುದು ಸೊಲ್ಲಾಪುರದಲ್ಲಿ. 2016ರಲ್ಲಿ ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದರ ರಸವನ್ನು ಮೊಸರಿಗೆ ಕಲಸಿ, ಇಡಿಯ ಕಾಳುಗಳನ್ನು ಅಚ್ಚಿನ ತಳಕ್ಕೆ ಉದುರಿಸಿದರೆ ಹೊರತೆಗೆದಾಗ ತುದಿ ಕೆಂಪಾಗಿ ಹೊಳೆಯುತ್ತದೆ. ಅಚ್ಚಿಲ್ಲದವರು ಸಣ್ಣ ಸ್ಟೀಲ್ ಲೋಟಗಳನ್ನು ಬಳಸಬಹುದು. ಎರಡು ತಾಸಿನ ಮೇಲೆ, ಅರ್ಧ ಗಟ್ಟಿಯಾದಾಗ ಕಡ್ಡಿ ಚುಚ್ಚಿದರೆ ನೆಟ್ಟಗೆ ನಿಲ್ಲುತ್ತದೆ, ರಾತ್ರಿಯೆಲ್ಲ ಬಿಡಬೇಕು. ಬೆಳಿಗ್ಗೆ ಲೋಟವನ್ನು ಹರವಿಯ ನೀರಿನಲ್ಲಿ ಒಂದು ಕ್ಷಣ ಅದ್ದಿ ತಿರುವಿದರೆ ಸಲೀಸಾಗಿ ಕಳಚಿ ಬರುತ್ತದೆ.