ಬಂಡಿಯಿಂದ ಪಿಕಪ್‌ಗೆ: ಬಳಗಾನೂರಿನ ಹುಲ್ಲು, ಗಾಳಿಯ ಲೆಕ್ಕ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗೀತು. ಆಮೇಲೆ ಎಡದಂಡೆ ಕಾಲುವೆ ನೀರು ಹರಿದು, ಸಿಂಧನೂರು ಸೀಮೆಯ ಜೋಳದ ಎರೆಹೊಲಗಳು ಭತ್ತದ ಗದ್ದೆಯಾದ್ವು ನೋಡ್ರಿ. ಬಳಗಾನೂರು ಕಡೆ ಹುಲ್ಲು ಹೊರೋದು ಎತ್ತಿನ ಬಂಡಿಯಿಂದ ಟ್ರ್ಯಾಕ್ಟರ್ ಟ್ರೇಲರ್‌ಗೆ, ಪಿಕಪ್‌ಗೆ ಬಂತು. ಬಂಡಿಗೆ ಗಾಳಿಯ ಚಿಂತೆ ಎಲ್ಲೀದು? ಆದ್ರೆ 20 ಕಿ.ಮೀ. ವೇಗ 60 ಆದ್ರೆ ಗಾಳಿಯ ತಡೆ ಮೂರಲ್ಲ, 9 ಪಟ್ಟು!

1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿಗೆ ಅಮೆರಿಕದ ನಾಸಾದವರು ಡಬ್ಬಿಯಂಥ ವ್ಯಾನಿನ ಮೂಲೆಗಳನ್ನ ದುಂಡಗೆ ಮಾಡಿ ಈ ತಡೆ ಇಳಿಸಿ ತೋರಿಸಿದ್ರು. ಲಾರಿ ಕ್ಯಾಬಿನ್ ಮೇಲಿನ ಇಳಿಜಾರು ಹಲಗೆ ಮಾಡೋದೂ ಅದೇ ಕೆಲಸ, ಎದುರುಗಾಳಿಯನ್ನ ಲೋಡಿನ ಮೇಲಿಂದ ಹಾಯಿಸೋದು. ನಾವೋ ಹುಲ್ಲನ್ನ ಕ್ಯಾಬಿನ್‌ಗಿಂತ ಎತ್ತರ ಒಟ್ಟಿ ಗೋಡೆಯಂಗ ನಿಲ್ಲಿಸ್ತೀವಿ. ನನ್ನ ಕೇಳಿದ್ರೆ, ಎತ್ತರ ತಗ್ಗಿಸಿ ತಾಡಪತ್ರಿ ಬಿಗಿಯಾಗಿ ಕಟ್ಟಬೇಕು. ತಿರುವಿನಲ್ಲಿ ಮಗುಚೋ ಭಯವೂ ಕಡಿಮೆ. ಖರೆ, ಆಗ ಟ್ರಿಪ್ ಹೆಚ್ಚಾಗ್ತಾವ. ಚಾಲಕರು ಒಪ್ಪೋದು ಅಲ್ಲೇ ಕಷ್ಟ.