ಡಾಲೆಕ್‌ಗೆ ಜೀವ ಕೊಟ್ಟ ಕೈಗಳು

ಖಳನಾಯಕನನ್ನು ಸೃಷ್ಟಿಸುವವನು ಲೇಖಕ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕಾದಂಬರಿಯ ಮಟ್ಟಿಗೆ ಅದು ಸರಿ, ಟೆಲಿವಿಷನ್ನಿಗೆ ಬಂದರೆ ಅರ್ಧ ಸತ್ಯ. ಬಿಬಿಸಿ 1963ರ ನವೆಂಬರಿನಲ್ಲಿ ಆರಂಭಿಸಿದ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಥೆಯ ಧಾರಾವಾಹಿ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕಲ್ಪನೆಯ ಹಿಂದಿದ್ದ ಅಧಿಕಾರಿ ಸಿಡ್ನಿ ನ್ಯೂಮನ್, ಗುಡ್ಡೆಗಣ್ಣಿನ ಅನ್ಯಗ್ರಹದ ಭೂತಗಳು ತಮ್ಮ ಕಾರ್ಯಕ್ರಮಕ್ಕೆ ಬೇಡವೇ ಬೇಡ ಎಂದಿದ್ದರು. ಟೆರಿ ನೇಷನ್ ಬರೆದುಕೊಟ್ಟ ಎರಡನೆಯ ಕಥೆಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಅವೇ: ಅಣುಯುದ್ಧದಲ್ಲಿ ವಿಕಾರಗೊಂಡು ಲೋಹದ ಕವಚದೊಳಗೆ ಬದುಕುವ, ತಮ್ಮಂತಿಲ್ಲದ ಎಲ್ಲವನ್ನೂ ದ್ವೇಷಿಸುವ ಡಾಲೆಕ್‌ಗಳು. ಮೇಲಿನವರಿಗೆ ಕಥೆ ಹಿಡಿಸಲಿಲ್ಲ. ಆದರೆ ಚಿತ್ರೀಕರಣಕ್ಕೆ ಬೇರೆ ಕಥೆ ಸಿದ್ಧವಿರಲಿಲ್ಲ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಪಟ್ಟು ಹಿಡಿದು ಅದನ್ನು ಉಳಿಸಿಕೊಂಡರು.

ಕಾಲಿಲ್ಲ, ಮನುಷ್ಯರೂಪದ ಸುಳಿವಿಲ್ಲ, ಕಣ್ಣಿನ ಜಾಗದಲ್ಲಿ ಒಂದು ಮಸೂರ: ನೇಷನ್ ಕೊಟ್ಟ ವರ್ಣನೆ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದು ವಿನ್ಯಾಸಕಾರ ರೇಮಂಡ್ ಕ್ಯುಸಿಕ್ ಪಾಲಿಗೆ ಬಿತ್ತು. ಖರ್ಚಿಗೆ ಹಣ ಕಡಿಮೆ, ಸಮಯವೂ ಕಡಿಮೆ. ಕ್ಯುಸಿಕ್ ಮೊದಲು ಕುರ್ಚಿಯ ಮೇಲೆ ಕೂತ ಒಬ್ಬ ಮನುಷ್ಯನನ್ನು ಬರೆದುಕೊಂಡು, ಅವನ ಸುತ್ತ ಕವಚ ಕಟ್ಟಿದರು. ಒಳಗಿನ ನಟ ಕೂತಲ್ಲಿಂದಲೇ ಕಾಲಲ್ಲಿ ತಳ್ಳಿಕೊಂಡು ಅದನ್ನು ಓಡಿಸಬೇಕು. ಬುಡ ಅಗಲ, ಮೇಲೆ ಗುಮ್ಮಟ, ಸುತ್ತ ಅರ್ಧಗೋಳಗಳ ಸಾಲು, ಕೈಯ ತುದಿಗೆ ಬಚ್ಚಲ ಕೊಳವೆ ಬಿಡಿಸುವ ರಬ್ಬರ್ ಬಟ್ಟಲು. ಕಟ್ಟಿದ್ದು ನಾಲ್ಕೇ ಡಾಲೆಕ್. ಗುಂಪು ಕಾಣಬೇಕಾದ ಕಡೆ ಹಿಂದೆ ಫೋಟೋ ಹಲಗೆಗಳನ್ನು ನಿಲ್ಲಿಸಿದರು. ದನಿಯನ್ನು ಪೀಟರ್ ಹಾಕಿನ್ಸ್ ಮತ್ತು ಡೇವಿಡ್ ಗ್ರಹಾಂ ಕೊಟ್ಟರೆ, ಬ್ರಯಾನ್ ಹಾಡ್ಜ್‌ಸನ್ ಅದನ್ನು ರಿಂಗ್ ಮಾಡ್ಯುಲೇಟರ್ ಎಂಬ ಉಪಕರಣದಲ್ಲಿ ಹಾಯಿಸಿ ಲೋಹದ ಕರ್ಕಶತೆ ತಂದರು. 1963ರ ಡಿಸೆಂಬರ್ 21ರ ಕಂತಿನ ಕೊನೆಯಲ್ಲಿ ಡಾಲೆಕ್ ಇಡಿಯಾಗಿ ಕಾಣುವುದೇ ಇಲ್ಲ. ಕ್ಯಾಮರಾ ಅದರ ಕಣ್ಣಾಗಿದೆ. ಎದುರಿಗೆ ಕಥೆಯ ಪಾತ್ರ ಬಾರ್ಬರಾ ಗೋಡೆಗೆ ಒತ್ತಿಕೊಂಡು ಚೀರುತ್ತಾಳೆ, ಚಾಚಿದ ಆ ಬಟ್ಟಲೊಂದೇ ಅವಳತ್ತ ಸರಿಯುತ್ತದೆ. ಮುಖವಿಲ್ಲದ್ದನ್ನು ಬೇಡಿಕೊಳ್ಳುವುದು ಹೇಗೆ? ಈ ಭಯ ಸಂಭಾಷಣೆಯಿಂದ ಬಂದದ್ದಲ್ಲ, ಆಕಾರದಿಂದ ಬಂದದ್ದು.

ಆದರೂ ತಿರುಳು ನೇಷನ್ ಅವರದಲ್ಲವೇ ಎಂದು ಕೇಳಬಹುದು. ಜರ್ಮನಿಯ ಬಾಂಬುಗಳು ಬೀಳುತ್ತಿದ್ದ ಕಾರ್ಡಿಫ್‌ನಲ್ಲಿ ಬೆಳೆದವರು ಅವರು. ಡಾಲೆಕ್‌ಗಳ ಜನಾಂಗದ್ವೇಷದಲ್ಲಿ ನಾಜಿಗಳ ನೆರಳು ಸ್ಪಷ್ಟ. 1964ರ ಎರಡನೆಯ ಡಾಲೆಕ್ ಕಥೆಯಲ್ಲಿ ಅವು ಲಂಡನ್ನನ್ನೇ ಆಕ್ರಮಿಸಿ ಜನರನ್ನು ಗಣಿಯಲ್ಲಿ ದುಡಿಸುತ್ತವೆ. ಈ ಅರ್ಥವಿಲ್ಲದಿದ್ದರೆ ಕವಚ ಬರೀ ಡಬ್ಬ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ನೇಷನ್ 1964ರಲ್ಲೇ ತಂದ ವೂರ್ಡ್ ಎಂಬ ಖಳರು ಒಂದೇ ಕಥೆಗೆ ಮುಗಿದರು. ಇನ್ನು ಕ್ಯುಸಿಕ್ ಒಬ್ಬರೇ ಸಾಕಿತ್ತೇ? ಅದೂ ಇಲ್ಲ. 1965ರಲ್ಲಿ ಇದೇ ಇಬ್ಬರು ಸೇರಿ ತಂದ ಮೆಕಾನಾಯ್ಡ್ ಎಂಬ ದೊಡ್ಡ ಗೋಳಾಕಾರದ ಯಂತ್ರಗಳು ಸ್ಟುಡಿಯೋದಲ್ಲಿ ಹೊರಳಲಾರದಷ್ಟು ಗಾತ್ರದವಾಗಿದ್ದು ಮುಂದುವರಿಯಲಿಲ್ಲ. ಹೆಸರುಗಳು ಅವೇ ಇದ್ದರೂ ಕಥೆಯ ಅರ್ಥ, ಆಕಾರ, ಚಲನೆ, ದನಿ ಕೂಡಿಬರದಿದ್ದರೆ ಖಳ ನಿಲ್ಲುವುದಿಲ್ಲ. ಡಾಲೆಕ್‌ನಲ್ಲಿ ಅವು ಕೂಡಿಬಂದವು.

ಹಕ್ಕಿನ ಲೆಕ್ಕ ಮಾತ್ರ ಇದನ್ನು ಗಣಿಸಲಿಲ್ಲ. ಡಾಲೆಕ್ ಆಟಿಕೆಗಳಿಗೆ ಬ್ರಿಟನ್ನಿನ ಮಕ್ಕಳು ಮುಗಿಬಿದ್ದಾಗ ಆದಾಯ ಹಂಚಿಕೊಂಡವರು ಬಿಬಿಸಿ ಮತ್ತು ನೇಷನ್. ಒಪ್ಪಂದದ ಮೇಲೆ ಬರೆದ ಲೇಖಕನಿಗೆ ಪಾಲಿತ್ತು. ಸಂಬಳದ ನೌಕರ ಕ್ಯುಸಿಕ್‌ಗೆ ಸಿಕ್ಕಿದ್ದು ಸುಮಾರು 100 ಪೌಂಡಿನ ಒಂದು ಬಾರಿಯ ಬಹುಮಾನ. ಅವರು 2013ರಲ್ಲಿ ತೀರಿಕೊಂಡರು. ಕಾನೂನು ಮೀರಿ ಇಲ್ಲಿ ಏನೂ ನಡೆದಿಲ್ಲ, ನಿಜ. ಆದರೂ ಇದು ಅನ್ಯಾಯವೇ.